ಸುಮ್ಮನಿರುವುದೇ ಕ್ರಿಸ್ತನ ಗುಣವಾ?

ತುಂಗೆ ಕಡೆಯವಳು (ತೀರ್ಥಹಳ್ಳಿ)

ಎಲ್ಲರಿಗೂ ವಂದನೆ. ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುವವಳು ನಾನು. ಸಂಜೆ ಮೆಟ್ಟುಗತ್ತಿ ಹಿಡಿದು ಕೂತರೆ ಏಳುವಾಗ ರಾತ್ರಿ 11 ಗಂಟೆ. ಹಸಿ ಅಡಿಕೆ ಕಾಯುವುದಿಲ್ಲ, ಬೆಳಿಗ್ಗೆ ಬೇಯಿಸುವ ಹಂಡೆಗೆ ಬೀಳಲೇಬೇಕು. ಕೂಲಿ ಡಬ್ಬದ ಲೆಕ್ಕದಲ್ಲಿ.

ಮೂರು ವಾರದ ಹಿಂದೆ ಪಟ್ಟಿ ಓದುವಾಗ ನನ್ನ ಪಕ್ಕ ಕೂರುವ ಅಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇವಳದ್ದು ಯಾವಾಗಲೂ ಒಂದು ಡಬ್ಬ ಜಾಸ್ತಿಯೇ. ಬರೆಸಿಕೊಳ್ಳುವುದು ಚೆನ್ನಾಗಿ ಗೊತ್ತು." ನಾನು ಒಂದು ಡಬ್ಬವನ್ನೂ ಸುಳ್ಳು ಬರೆಸಿದವಳಲ್ಲ. ನನ್ನ ಕೈ ಸ್ವಲ್ಪ ಚುರುಕು, ಅಷ್ಟೇ. ಅಲ್ಲಿ ಹನ್ನೆರಡು ಜನ ಇದ್ದರು. ಯಾರೂ ತಲೆ ಎತ್ತಲಿಲ್ಲ. ನಾನೂ ಮಾತಾಡಲಿಲ್ಲ.

ಆ ಅಕ್ಕ ನಮ್ಮ ಚರ್ಚಿನವರೇ. ಪ್ರಾರ್ಥನೆ ಕೂಟದಲ್ಲಿ ಕಣ್ಣೀರು ಹಾಕಿದೆ. ಅಲ್ಲಿ ಹಿರಿಯರೊಬ್ಬರು, "ಯೇಸು ಕುರಿಮರಿಯ ಹಾಗೆ ಬಾಯಿ ತೆರೆಯಲಿಲ್ಲ. ನೀನೂ ಸುಮ್ಮನಿರಮ್ಮ, ಅದೇ ಕ್ರಿಸ್ತನ ಗುಣ" ಎಂದರು.

ಹಾಗೇ ಇದ್ದೇನೆ. ಆದರೆ ಬಾಯಿ ಮಾತ್ರ ಸುಮ್ಮನಿದೆ. ಒಂದೊಂದು ಅಡಿಕೆ ಸುಲಿಯುವಾಗಲೂ ಒಳಗೊಳಗೇ ಅವರನ್ನು ಬೈಯುತ್ತೇನೆ. ಮೊನ್ನೆ ಹಾಗೇ ಹೆಬ್ಬೆರಳು ಕೊಯ್ದುಕೊಂಡೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ "ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು" ಅನ್ನುವ ಕಡೆ ಬಂದರೆ ನಾಲಿಗೆ ನಿಲ್ಲುತ್ತದೆ. ಇದು ಕ್ರಿಸ್ತನ ಗುಣ ಹೇಗಾಗುತ್ತದೆ? ದಯವಿಟ್ಟು ತಿಳಿದವರು ಹೇಳಿ.

ಸಾಗರದ ಮೇಷ್ಟ್ರು

ತಂಗೀ, ಮೊದಲು ಬೆರಳಿಗೆ ಔಷಧಿ ಹಚ್ಚಿಕೊಳ್ಳಿ. ಅಡಿಕೆಯ ಚೊಗರು ಗಾಯಕ್ಕೆ ತಾಗದ ಹಾಗೆ ನೋಡಿಕೊಳ್ಳಿ.

ನಾನು ಒಂದನೇ ತರಗತಿಗೆ ಪಾಠ ಮಾಡಿಯೇ ನಿವೃತ್ತನಾದವನು. ಅದಕ್ಕೇ ಬೈಬಲ್ಲಿನಲ್ಲಿ ಪೇತ್ರ ಬರೆದ ಮೊದಲ ಪತ್ರದ ಮಾತು, 1 ಪೇತ್ರ 2:21, ನನಗೆ ತುಂಬಾ ಹತ್ತಿರದ ವಚನ. ಕ್ರಿಸ್ತ ನಮಗೆ ಮಾದರಿ ಬಿಟ್ಟುಹೋದ ಎಂದು ಅಲ್ಲಿದೆ. ಗ್ರೀಕ್‌ನಲ್ಲಿ ಆ ಪದ ಹುಪೊಗ್ರಮ್ಮೊಸ್. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಈ ಒಂದೇ ಕಡೆ. ಮಗು ನೋಡಿ ತಿದ್ದಲಿ ಎಂದು ಗುರು ಬರೆದುಕೊಡುವ ಅಕ್ಷರ ಅದು. ನಾನು ಸ್ಲೇಟಿನ ಮೇಲೆ 'ಅ' ಬರೆದು ಕೊಡುತ್ತಿದ್ದೆ. ಮಕ್ಕಳು ಅದರ ಮೇಲೆಯೇ ಬಳಪ ಆಡಿಸಿ ಆಡಿಸಿ ಅಕ್ಷರ ಹಂದಿ ಮರಿಯಷ್ಟು ದಪ್ಪ ಆಗುತ್ತಿತ್ತು. ಬಳಪ ಗೆರೆ ಬಿಟ್ಟು ಹೋಗುತ್ತಿತ್ತು, ಕೈ ಹಿಡಿದು ಮತ್ತೆ ತರುತ್ತಿದ್ದೆ. ಮೂರೇ ವಾರಕ್ಕೆ ಯಾವ ಮಗುವೂ ಅಕ್ಷರ ಕಲಿತದ್ದು ನಾನು ನೋಡಿಲ್ಲ. ಮೂರು ವಾರಕ್ಕೇ ನಿಮ್ಮ ಮೇಲೆ ನೀವು ಬೇಸರ ಮಾಡಿಕೊಳ್ಳಬೇಡಿ.

ಇನ್ನೊಂದು. ಪೇತ್ರ ಈ ಮಾತು ಬರೆದದ್ದು ಮನೆಯಾಳುಗಳಿಗೆ, ತಪ್ಪಿಲ್ಲದೆ ಪೆಟ್ಟು ತಿಂದವರಿಗೆ. 23ನೇ ವಚನ ನಿಧಾನವಾಗಿ ಓದಿ. ಬೈಯುವವರಿಗೆ ಆತ ತಿರುಗಿ ಬೈಯಲಿಲ್ಲ, ಬೆದರಿಸಲಿಲ್ಲ, ನ್ಯಾಯವಾಗಿ ತೀರ್ಪು ಕೊಡುವವನ ಕೈಗೆ ತನ್ನನ್ನು ಒಪ್ಪಿಸಿದ. ಮಾತೇ ಆಡಲಿಲ್ಲ ಎಂದು ಅಲ್ಲಿಲ್ಲ. ಅಧಿಪತಿ ಹೆರೋದ ತಮಾಷೆ ನೋಡಲು ಪ್ರಶ್ನೆ ಕೇಳಿದಾಗ ಆತ ಉತ್ತರ ಕೊಡಲಿಲ್ಲ, ನಿಜ. ಆದರೆ ವಿಚಾರಣೆಯಲ್ಲಿ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ? ಯೋಹಾನ 18:23 ತೆಗೆಯಿರಿ. ನಾನು ಹೇಳಿದ್ದು ತಪ್ಪಾಗಿದ್ದರೆ ಏನು ತಪ್ಪು ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ ಎಂದು ನೇರವಾಗಿ ಕೇಳಿದ. ಅದರಲ್ಲಿ ಬೈಗುಳ ಇಲ್ಲ, ಭಯವೂ ಇಲ್ಲ. ಆ ಅಕ್ಕನಿಗೂ ಹಾಗೆ ಕೇಳಬಹುದು.

ಭದ್ರಾವತಿಯಿಂದ ಒಬ್ಬ

ಮೇಷ್ಟ್ರು ಹೇಳಿದ್ದು ಸರಿ. ಆದರೂ ನನಗೆ ಸ್ವಲ್ಪ ಹೆದರಿಕೆ ಇದೆ, ಯಾಕೆಂದರೆ ನಾನು ಹಾಗೆ ಕೇಳಿ ಕೆಟ್ಟವನು. ಕೆಲಸದಲ್ಲಿ ಜೊತೆಗಾರನೊಬ್ಬ ನನ್ನ ಮೇಲೆ ಸುಳ್ಳು ದೂರು ಹೇಳಿದ್ದ. ನಾನು ಟೀ ಅಂಗಡಿ ಮುಂದೆ, ಹತ್ತು ಜನರ ಎದುರು ಕೇಳಿದೆ. ನನ್ನ ಒಂದೊಂದು ಮಾತೂ ನಿಜ. ಅವನು ತಲೆ ತಗ್ಗಿಸಿಕೊಂಡು ಹೋದ. ಆಮೇಲೆ ಅವನು ತೀರಿಕೊಳ್ಳುವವರೆಗೆ, ಹದಿನಾಲ್ಕು ವರ್ಷ, ನಾವು ಮಾತಾಡಲಿಲ್ಲ.

ಮತ್ತಾಯ 18:15 ಆಗ ನನಗೆ ಬಾಯಿಪಾಠ ಬರುತ್ತಿತ್ತು. ನೀನೂ ಅವನೂ ಇಬ್ಬರೇ ಇರುವಾಗ ಹೇಳು ಅಂತ ಅಲ್ಲಿದೆ. ಆ "ಇಬ್ಬರೇ" ಅನ್ನುವುದನ್ನು ನಾನು ಬಿಟ್ಟೆ. ತಂಗಿ, ಅಡಿಕೆ ಸುಲಿಯುವ ಚಪ್ಪರದ ಕೆಳಗೆ ಎಲ್ಲರ ಎದುರು ಬೇಡ. ಅವರ ಮನೆಗೆ ಹೋಗಿ.

ಹೊಸನಗರದ ಜಾನಕ್ಕ

ನನಗೆ ಚುಚ್ಚಿದ್ದು ಬೇರೆ ವಿಷಯ. ಹನ್ನೆರಡು ಜನ ಇದ್ದರು, ಯಾರೂ ತಲೆ ಎತ್ತಲಿಲ್ಲ ಎಂದು ಬರೆದಿದ್ದೀರಲ್ಲ, ಅದು.

ಬೇಥಾನ್ಯ ಅನ್ನುವ ಊರಲ್ಲಿ ಒಬ್ಬ ಹೆಂಗಸು ಯೇಸುವಿನ ತಲೆಗೆ ಸುಗಂಧತೈಲ ಸುರಿದಳು. ಊಟಕ್ಕೆ ಕೂತವರು ಗದರಿದರು, 300 ಹಣಕ್ಕಿಂತ ಜಾಸ್ತಿಗೆ ಮಾರಬಹುದಿತ್ತು ಅಂತ. ಒಂದು ಹಣ ಅಂದರೆ ಆಗ ಒಂದು ದಿನದ ಕೂಲಿ. 300 ಹಣ ಅಂದರೆ ನಮ್ಮಂಥವರಿಗೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಆ ಹೆಂಗಸು ಒಂದು ಮಾತೂ ಆಡಿದ ಹಾಗೆ ಕಾಣುವುದಿಲ್ಲ. ಯೇಸು ಅವಳ ಪರ ಮಾತಾಡಿದ. ಅವಳನ್ನು ಬಿಡಿ, ಯಾಕೆ ತೊಂದರೆ ಕೊಡುತ್ತೀರಿ ಎಂದ. ಮಾರ್ಕ 14ರಲ್ಲಿದೆ.

ಪೆಟ್ಟು ತಿಂದವರಿಗೆ ಕ್ರಿಸ್ತನ ಹಾಗಿರು ಅಂತ ಎಲ್ಲರೂ ಹೇಳುತ್ತೇವೆ. ಪಕ್ಕದಲ್ಲಿ ಕೂತು ಸುಮ್ನೆ ನೋಡುವವರಿಗೆ ಯಾರೂ ಹೇಳುವುದಿಲ್ಲ, ಅಲ್ವಾ? ನಾನೂ ಹಾಗೆ ಕೂತವಳೇ. ನಮ್ಮ ಸ್ವಸಹಾಯ ಸಂಘದಲ್ಲಿ ಒಬ್ಬಳ ಮೇಲೆ ದುಡ್ಡಿನ ಅಪವಾದ ಬಂದಾಗ, ಅವಳು ಕಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಬಾಯಿ ಬಿಡಲಿಲ್ಲ. ನಿಮ್ಮ ಪ್ರಶ್ನೆ ಓದಿ ನಿನ್ನೆ ಅವಳಿಗೆ ಫೋನ್ ಮಾಡಿದೆ.

ತುಂಗೆ ಕಡೆಯವಳು (ತೀರ್ಥಹಳ್ಳಿ)

ಎಲ್ಲರಿಗೂ ಉಪಕಾರ. ಭಾನುವಾರ ಪೂಜೆ ಮುಗಿದ ಮೇಲೆ ಅಕ್ಕನ ಮನೆಗೆ ಒಬ್ಬಳೇ ಹೋದೆ. ಅವರು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಮೇಷ್ಟ್ರು ಬರೆದ ಹಾಗೇ ಕೇಳಿದೆ. "ಅಕ್ಕಾ, ನಾನು ಸುಳ್ಳು ಬರೆಸಿದ್ದರೆ ಯಾವತ್ತು ಅಂತ ಹೇಳಿ. ಇಲ್ಲದಿದ್ದರೆ ಯಾಕೆ ಹಾಗೆ ಅಂದಿರಿ?" ಧ್ವನಿ ನಡುಗಿತು.

ಅವರು ತುಂಬಾ ಹೊತ್ತು ಪಾತ್ರೆ ತಿಕ್ಕುತ್ತಲೇ ಇದ್ದರು. ಆಮೇಲೆ ಹೇಳಿದರು, ಮುಂದಿನ ವರ್ಷ ಸುಲಿಯುವ ಮೆಷಿನ್ ಬರುತ್ತದಂತೆ. ನಾಲ್ಕೇ ಜನ ಸಾಕಂತೆ. "ನಿನ್ನ ಕೈ ಓಡುತ್ತದೆ, ನಿನ್ನನ್ನು ಇಟ್ಟುಕೊಳ್ಳುತ್ತಾರೆ. ನನ್ನ ಬೆರಳು ನೋಡು." ಗಂಟು ಗಂಟಾಗಿ ಬಾಗಿವೆ. ಮೂರು ವರ್ಷ ಪಕ್ಕದಲ್ಲೇ ಕೂತು ಅದನ್ನು ನಾನು ನೋಡಿರಲಿಲ್ಲ.

ತಪ್ಪಾಯಿತು ಅಂತ ಅವರು ಹೇಳಲಿಲ್ಲ. ಕರಿ ಕಾಫಿ ಕೊಟ್ಟರು, ಕುಡಿದೆ. ನೋವು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನೆ ರಾತ್ರಿ ಅವರ ಬುಟ್ಟಿ ಇನ್ನೂ ಅರ್ಧ ಇತ್ತು, ನನ್ನದು ಖಾಲಿಯಾಗಿತ್ತು. ಅವರ ಬುಟ್ಟಿಯಿಂದ ಎರಡು ಹಿಡಿ ತೆಗೆದು ಸುಲಿದು ಅವರ ಡಬ್ಬಕ್ಕೇ ಹಾಕಿದೆ. ಅವರು ನೋಡಿದರು, ಏನೂ ಅನ್ನಲಿಲ್ಲ. ಇವತ್ತು ಸಂಜೆ ಮತ್ತೆ ಅಡಿಕೆ ಇದೆ, ಹೊರಡುತ್ತೇನೆ.