ಮದುವೆಗೆ ಎರಡು ತಿಂಗಳಿದೆ: ಗರ್ಭನಿರೋಧಕ ಮಾತ್ರೆ ತಗೊಳ್ಳುವುದು ಪಾಪವಾ? ಕಥೋಲಿಕರು, ಪ್ರೊಟೆಸ್ಟೆಂಟರು ಇಬ್ಬರೂ ಹೇಳಿ

ಪಡುಕರೆ_ಹುಡುಗ

ಎಲ್ಲರಿಗೂ ನಮಸ್ಕಾರ. ಮುಜುಗರದ ವಿಷಯ, ಅದಕ್ಕೇ ಹೊಸ ಹೆಸರಲ್ಲಿ ಬಂದಿದ್ದೇನೆ.

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಅಂದರೆ ಪ್ರೊಟೆಸ್ಟೆಂಟ್. ಮುತ್ತಜ್ಜನ ಕಾಲದಿಂದ ಮಂಗಳೂರಿನ ಬಾಸೆಲ್ ಮಿಶನ್ ಕುಟುಂಬ. ಹುಡುಗಿ ರೋಮನ್ ಕಥೋಲಿಕ್, ಬಂಟ್ವಾಳದ ಕಡೆಯವಳು, ಮನೆಯಲ್ಲಿ ಕೊಂಕಣಿ. ಇಬ್ಬರಿಗೂ ಬೆಂಗಳೂರಲ್ಲಿ ಕೆಲಸ. ಎರಡೂ ಮನೆಯವರು ಒಪ್ಪಿದ್ದಾರೆ, ಮದುವೆ ಅವಳ ಚರ್ಚಲ್ಲಿ.

ಕಳೆದ ವಾರ ಮೂರು ದಿನ ಮದುವೆ ತಯಾರಿ ಶಿಬಿರಕ್ಕೆ ಹೋಗಿದ್ದೆವು. ಮೊದಲ ಎರಡು ದಿನ ಚೆನ್ನಾಗಿತ್ತು, ದುಡ್ಡಿನ ಲೆಕ್ಕ, ಅತ್ತೆ ಸೊಸೆ, ಜಗಳ ಆಡುವುದು ಹೇಗೆ, ಎಲ್ಲ ಹೇಳಿಕೊಟ್ಟರು. ಮೂರನೇ ದಿನ ಒಬ್ಬರು ಬಂದು ಮಾತ್ರೆ, ಕಾಂಡೋಮ್, ಕಾಪರ್-ಟಿ, ಆಪರೇಷನ್ ಎಲ್ಲವೂ ದೇವರ ಯೋಜನೆಗೆ ವಿರುದ್ಧ, ಚಾರ್ಟ್ ಬರೆದು ದಿನ ನೋಡಿಕೊಂಡು ಸೇರುವುದೊಂದೇ ಸರಿ ಅಂದರು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಯಾಕೆಂದರೆ ನಮ್ಮ ಸಭೆಯಲ್ಲಿ ಇದು ವಿಷಯವೇ ಅಲ್ಲ. ನನ್ನ ತಂಗಿ ಹುಟ್ಟಿದ ಮೇಲೆ ಅಮ್ಮ ಆಪರೇಷನ್ ಮಾಡಿಸಿಕೊಂಡರು, ಸಭಾಪಾಲಕರೇ ಆಸ್ಪತ್ರೆಗೆ ಬಂದು ಪ್ರಾರ್ಥನೆ ಮಾಡಿ ಹೋಗಿದ್ದರಂತೆ.

ತೊಂದರೆ ಏನೆಂದರೆ, ಅವಳಿಗೆ ಪಿಸಿಓಡಿ ಇದೆ, ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ. ಮುಟ್ಟು ಸರಿಯಾಗಲಿ ಅಂತ ನಾಲ್ಕು ವರ್ಷದಿಂದ ಡಾಕ್ಟರ್ ಕೊಟ್ಟ ಅದೇ ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದಾಳೆ. ವಾಪಸ್ ಬರುವಾಗ ಬಸ್ಸಿನಲ್ಲಿ ತುಂಬಾ ಹೊತ್ತು ಸುಮ್ನೆ ಕೂತಿದ್ದು, ಹಾಸನ ದಾಟಿದ ಮೇಲೆ "ಹಾಗಾದ್ರೆ ನಾನು ಇಷ್ಟು ವರ್ಷ ಪಾಪ ಮಾಡ್ತಿದ್ದೆನಾ?" ಅಂತ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ನಮಗೆ ಎರಡು ವರ್ಷ ಮಕ್ಕಳು ಬೇಡ, ಅವಳ ಓದು ಮುಗಿಯಬೇಕು. ಆ ಮಾತ್ರೆ ಪಾಪವಾ? ಒಂದೇ ಬೈಬಲ್ ಇಟ್ಟುಕೊಂಡು ಎರಡು ಚರ್ಚು ಎರಡು ಥರ ಹೇಳುವುದು ಯಾಕೆ? ಕಥೋಲಿಕರು ನಿಜವಾಗಿ ಏನು ಮಾಡುತ್ತಾರೆ? ಬೈಯುವವರು ದಯವಿಟ್ಟು ಬೇರೆ ಕಡೆ ಹೋಗಿ ಬೈಯಿರಿ.

---

ಕುಲಶೇಖರದ_ಬಾಯಿ

ಮಗಾ, ಮೊದಲು ಅವಳಿಗೆ ಫೋನ್ ಮಾಡಿ ಹೇಳು, ಪಾಪ ಅಲ್ಲ. ನನ್ನ ಸ್ವಂತ ಅಭಿಪ್ರಾಯ ಅಂತ ತಿಳಿಯಬೇಡ. 1968ರಲ್ಲಿ ಪೋಪ್ ಆರನೇ ಪೌಲ್ ಬರೆದ ಹ್ಯೂಮಾನೆ ವೀಟೆ ಅನ್ನುವ ಪತ್ರದಲ್ಲೇ ಇದೆ, 15ನೇ ಪ್ಯಾರಾ. ಕಾಯಿಲೆ ವಾಸಿ ಮಾಡಲು ಬೇಕಾದ ಔಷಧಿಯಿಂದ ಗರ್ಭ ನಿಲ್ಲದೇ ಹೋದರೂ ಆ ಔಷಧಿ ತಗೊಳ್ಳಬಹುದು, ಗರ್ಭ ತಡೆಯುವುದೇ ಉದ್ದೇಶ ಆಗಿರಬಾರದು ಅಷ್ಟೇ. ಶಿಬಿರದಲ್ಲಿ ಈ ಒಂದು ವಾಕ್ಯ ಹೇಳಿದ್ದರೆ ಆ ಹುಡುಗಿ ಅಷ್ಟು ದೂರ ಅಳು ನುಂಗಿಕೊಂಡು ಬರುವ ಅಗತ್ಯ ಇರಲಿಲ್ಲ. ನಾನೂ ಹತ್ತು ವರ್ಷ ಇಂಥ ಶಿಬಿರಗಳಲ್ಲಿ ಪಾಠ ಮಾಡಿದವಳು, ಅದಕ್ಕೇ ಸಿಟ್ಟು ಬರುತ್ತದೆ.

ಈಗ ನಿಜವಾಗಿ ಏನು ಮಾಡುತ್ತಾರೆ ಅಂತ ಕೇಳಿದೆ. ನನ್ನ ಅಮ್ಮನಿಗೆ ಒಂಬತ್ತು ಹೆರಿಗೆ, ಏಳು ಮಕ್ಕಳು ಉಳಿದೆವು. ನನಗೆ ಮೂರು. ನನ್ನ ಮಗಳಿಗೆ ಒಂದು. ಇಷ್ಟರಲ್ಲೇ ಅರ್ಥ ಮಾಡಿಕೋ. ನನ್ನ ಮಗಳು ಚಾರ್ಟ್ ಬರೆದದ್ದನ್ನು ನಾನಂತೂ ನೋಡಿಲ್ಲ, ಕೇಳಲೂ ಇಲ್ಲ.

ನಾವು ಮಾತ್ರ ಚಾರ್ಟ್ ಬರೆದವರು. ಬಿಲ್ಲಿಂಗ್ಸ್ ಪದ್ಧತಿ ಅಂತಾರೆ, ಆಸ್ಟ್ರೇಲಿಯಾದ ಒಬ್ಬ ಡಾಕ್ಟರ್ ದಂಪತಿ ಬೆಳೆಸಿದ್ದು. ದಿನಾ ಬಿಳಿ ಸ್ರಾವ ಹೇಗಿದೆ ಅಂತ ನೋಡಿ ಗುರುತು ಹಾಕಬೇಕು. ಒಣ ದಿನ, ತೇವದ ದಿನ, ಮೊಟ್ಟೆಯ ಬಿಳಿ ಭಾಗದ ಹಾಗೆ ಎಳೆ ಬರುವ ದಿನ. ತೇವ ಶುರುವಾದ ದಿನದಿಂದ ಆ ಎಳೆ ನಿಂತು ಮೂರು ದಿನ ಆಗುವವರೆಗೂ ದೂರ ಇರಬೇಕು. ನಮ್ಮ ಮೂರನೆಯವನಿಗೆ ಮನೆಯಲ್ಲಿ "ಚಾರ್ಟ್ ಬಾಬ" ಅಂತ ಹೆಸರು, ಈಗ ಅವನಿಗೆ 24! ಆದರೂ ಒಂದು ಮಾತು. ನಮ್ಮವರು ಒರಟು ಮನುಷ್ಯ, ಗಲ್ಫಲ್ಲಿ ದುಡಿದವರು. ಆ ಚಾರ್ಟ್ ದೆಸೆಯಿಂದ ನನ್ನ ಮೈಯ ವಿಷಯ ಅವರು ಕೇಳಿ ತಿಳಿದುಕೊಂಡರು, ಇವತ್ತು ಬೇಡ ಅಂದರೆ ಬೇಡ ಅಂತ ಕಲಿತರು. ನನ್ನ ಎಷ್ಟೋ ಗೆಳತಿಯರಿಗೆ ಮಾತ್ರೆ ಇದ್ದರೂ ಆ ಮರ್ಯಾದೆ ಸಿಗಲಿಲ್ಲ. ಹಾಗಾಗಿ ಪೂರ್ತಿ ತಮಾಷೆ ಮಾಡುವ ವಿಷಯ ಅಲ್ಲ ಅದು.

ಆದರೆ ಗಂಡ ಎರಡು ವರ್ಷಕ್ಕೊಮ್ಮೆ 40 ದಿನ ರಜೆಯಲ್ಲಿ ಬಂದಾಗ ಅದರಲ್ಲಿ ಹನ್ನೆರಡು ದಿನ "ದೂರ ಇರಿ" ಅನ್ನುವುದು ಎಷ್ಟು ಕಷ್ಟ ಅಂತ ವ್ಯಾಟಿಕನ್‌ನಲ್ಲಿ ಕೂತವರಿಗೆ ಯಾರು ಹೇಳುತ್ತಾರೆ!

---

ಹಳೇ_ಗ್ರಂಥಪಾಲಕ

ಎರಡು ಚರ್ಚು ಎರಡು ಥರ ಯಾಕೆ ಅನ್ನುವುದಕ್ಕೆ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲಿಂದ ಎರಡು ಥರ ಇರಲೇ ಇಲ್ಲ ತಮ್ಮ. 1930ರವರೆಗೆ ದೊಡ್ಡ ಚರ್ಚುಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು, ತಡೆಯಬಾರದು ಅಂತ. ಲೂಥರ್, ಕ್ಯಾಲ್ವಿನ್ ಇಬ್ಬರೂ ಪೋಪ್ ವಿರುದ್ಧ ಎದ್ದವರೇ, ಆದರೆ ಈ ವಿಷಯದಲ್ಲಿ ಪೋಪ್ ಪಕ್ಷವೇ. ಎಲ್ಲರೂ ತೋರಿಸುತ್ತಿದ್ದದ್ದು ಆದಿಕಾಂಡದ 38ನೇ ಅಧ್ಯಾಯದ ಓನಾನನ ಕಥೆ. ಅಣ್ಣ ಸತ್ತ ಮೇಲೆ ಅತ್ತಿಗೆಗೆ ಸಂತಾನ ಕೊಡಬೇಕಿದ್ದವನು ವೀರ್ಯ ನೆಲಕ್ಕೆ ಚೆಲ್ಲಿದ, ದೇವರು ಅವನನ್ನು ಸಾಯಿಸಿದ. ಅವನ ತಪ್ಪು ಚೆಲ್ಲಿದ್ದೋ, ಅತ್ತಿಗೆಗೆ ಮೋಸ ಮಾಡಿದ್ದೋ ಅನ್ನುವುದೇ ಜಗಳ. ನನಗಂತೂ ಅದು ಮೋಸದ ಕಥೆಯಾಗಿಯೇ ಕಾಣುತ್ತದೆ.

1930ರ ಆಗಸ್ಟಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ಪರು ಮೊದಲ ಸಲ ಬಾಗಿಲು ಸ್ವಲ್ಪ ತೆರೆದರು. ಮಕ್ಕಳನ್ನು ಮುಂದೂಡಲು ನೈತಿಕ ಕಾರಣ ಇದ್ದು, ಪೂರ್ತಿ ದೂರ ಇರದಿರಲೂ ಸರಿಯಾದ ಕಾರಣ ಇದ್ದರೆ ಬೇರೆ ವಿಧಾನ ಬಳಸಬಹುದು ಅಂದರು. ಸ್ವಾರ್ಥಕ್ಕೆ, ಸುಖಕ್ಕೆ ಅಂತ ಬಳಸಬೇಡಿ ಅಂತಲೂ ಸೇರಿಸಿದರು. ರೋಮ್ ಸುಮ್ಮನಿರಲಿಲ್ಲ. ಅದೇ ವರ್ಷ ಡಿಸೆಂಬರ್ 31ಕ್ಕೆ ಪೋಪ್ ಹನ್ನೊಂದನೇ ಪಿಯುಸ್ ಕಾಸ್ತಿ ಕೊನ್ನೂಬಿ ಅನ್ನುವ ಪತ್ರ ಹೊರಡಿಸಿ, ಇದು ಘೋರ ಪಾಪ ಅಂದರು. ತಮಾಷೆ ಏನೆಂದರೆ ಅದೇ 1930ರಲ್ಲಿ, ಅದೂ ಲ್ಯಾಂಬೆತ್‌ಗಿಂತ ಮೊದಲೇ ಜೂನ್‌ನಲ್ಲಿ, ನಮ್ಮ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಬಿಷಪ್ಪರು ಚರ್ಚೆ ಮಾಡುವಷ್ಟರಲ್ಲಿ ನಾಲ್ವಡಿಯವರ ಸರ್ಕಾರ ಕೆಲಸ ಶುರು ಮಾಡಿತ್ತು ಅನ್ನಿ.

ನಿಮ್ಮ ಸಿಎಸ್‌ಐ 1947ರಲ್ಲಿ ಹುಟ್ಟಿದ್ದು, ಆಂಗ್ಲಿಕನ್ನರೂ ಅದರಲ್ಲಿ ಸೇರಿದವರು. 1958ರಲ್ಲಿ ಲ್ಯಾಂಬೆತ್ ಇನ್ನೂ ಮುಂದೆ ಹೋಗಿ, ಎಷ್ಟು ಮಕ್ಕಳು, ಯಾವಾಗ ಅನ್ನುವುದನ್ನು ಗಂಡ ಹೆಂಡತಿಯ ಮನಸ್ಸಾಕ್ಷಿಗೆ ಬಿಟ್ಟಿತು. ನಿಮ್ಮಮ್ಮನ ಮಂಚದ ಹತ್ತಿರ ಸಭಾಪಾಲಕರು ಸಲೀಸಾಗಿ ಪ್ರಾರ್ಥನೆ ಮಾಡಿದ್ದರ ಹಿಂದೆ ಇಷ್ಟು ಚರಿತ್ರೆ ಇದೆ.

ಕಥೋಲಿಕರಲ್ಲೂ ಬದಲಾಗುವ ಹಂತಕ್ಕೆ ಬಂದಿತ್ತು. 1951ರಲ್ಲಿ ಹನ್ನೆರಡನೇ ಪಿಯುಸ್, ಗಂಭೀರ ಕಾರಣ ಇದ್ದರೆ ಸುರಕ್ಷಿತ ದಿನಗಳನ್ನು ನೋಡಿಕೊಳ್ಳಬಹುದು ಅಂತ ಸೂಲಗಿತ್ತಿಯರ ಸಭೆಯಲ್ಲಿ ಹೇಳಿದರು. 1960ರಲ್ಲಿ ಅಮೆರಿಕದಲ್ಲಿ ಮಾತ್ರೆಗೆ ಒಪ್ಪಿಗೆ ಸಿಕ್ಕಿತು, ಅದನ್ನು ಪರೀಕ್ಷೆ ಮಾಡಿದವರಲ್ಲಿ ಒಬ್ಬರಾದ ಡಾ. ಜಾನ್ ರಾಕ್ ದಿನಾ ಪೂಜೆಗೆ ಹೋಗುವ ಕಥೋಲಿಕರು. 1963ರಲ್ಲಿ ಇಪ್ಪತ್ತಮೂರನೇ ಜಾನ್ ಒಂದು ಸಮಿತಿ ಮಾಡಿದರು, ಆರನೇ ಪೌಲ್ ಅದನ್ನು ದೊಡ್ಡದು ಮಾಡಿ ಮದುವೆಯಾದ ದಂಪತಿಗಳನ್ನೂ ಸೇರಿಸಿದರು. 1966ರಲ್ಲಿ ಸಮಿತಿಯ ಹೆಚ್ಚಿನವರು ಒಪ್ಪಬಹುದು ಅಂದರು. ಒಪ್ಪದ ಕೆಲವರ ವಾದ ಏನು ಗೊತ್ತಾ? ಈಗ ಒಪ್ಪಿದರೆ 1930ರಲ್ಲಿ ಪವಿತ್ರಾತ್ಮ ಪ್ರೊಟೆಸ್ಟೆಂಟರ ಜೊತೆ ಇತ್ತು ಅಂತ ಆಗಿಬಿಡುತ್ತದಲ್ಲ ಅಂತ! ಎರಡು ವರ್ಷ ಯೋಚಿಸಿ ಪೋಪ್ ಈ ಕೆಲವರ ಕಡೆಗೇ ವಾಲಿ, ಬಾಯಿ ಹೇಳಿದ ಹ್ಯೂಮಾನೆ ವೀಟೆ ಬರೆದರು. ಸೇರುವುದರಲ್ಲಿ ಗಂಡ ಹೆಂಡತಿ ಒಂದಾಗುವುದು, ಜೀವಕ್ಕೆ ದಾರಿ ಬಿಡುವುದು ಎರಡೂ ಇರಬೇಕು, ಮನುಷ್ಯ ಅವನ್ನು ಬೇರ್ಪಡಿಸಬಾರದು ಅನ್ನುವುದು ಆ ಪತ್ರದ ತಿರುಳು. ವಾದ ದಡ್ಡತನದ್ದಲ್ಲ. ಆದರೆ ದಿನ ನೋಡಿ ತಪ್ಪಿಸಿಕೊಂಡರೆ ಸರಿ, ರಬ್ಬರ್ ಹಾಕಿ ತಪ್ಪಿಸಿಕೊಂಡರೆ ತಪ್ಪು ಅನ್ನುವಲ್ಲಿ ನನ್ನ ತಲೆ ಇವತ್ತಿಗೂ ಓಡುವುದಿಲ್ಲ.

---

ಪಡುಕರೆ_ಹುಡುಗ

ಬಾಯಮ್ಮ, ಆಗಲೇ ಫೋನ್ ಮಾಡಿ ಆ 15ನೇ ಪ್ಯಾರಾ ಓದಿದೆ. ತುಂಬಾ ಥ್ಯಾಂಕ್ಸ್. ಆದರೆ ಅವಳಿಗೆ ಈಗ ಹೊಸ ಅನುಮಾನ. ಎರಡು ವರ್ಷ ಮಕ್ಕಳು ಬೇಡ ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೇವೆ, ಮದುವೆಗೆ ಮುಂಚೆ ಫಾದರ್ ಬರೆಸಿಕೊಳ್ಳುವಾಗ ಅದನ್ನು ಹೇಳಿದರೆ ಮದುವೆಯೇ ನಿಲ್ಲುತ್ತದಾ ಅಂತ. ಇನ್ನೊಂದು, ಅವಳ ಮುಟ್ಟಿಗೆ ಲೆಕ್ಕವೇ ಇಲ್ಲ, ಒಮ್ಮೆ 28 ದಿನ, ಒಮ್ಮೆ 60. ಚಾರ್ಟ್ ಹೇಗೆ?

---

ನೈಟ್_ಶಿಫ್ಟ್_ಸಿಸ್ಟರ್

ಸಿಸ್ಟರ್ ಅಂದರೆ ನರ್ಸ್, ಕನ್ಯಾಸ್ತ್ರೀ ಅಲ್ಲ, ಹೋದ ಸಲ ಯಾರೋ ಆಶೀರ್ವಾದ ಕೇಳಿದ್ದರು 😄

ಪಿಸಿಓಡಿ ಇದ್ದವರಿಗೆ ಕ್ಯಾಲೆಂಡರ್ ನೋಡಿ ದಿನ ಎಣಿಸುವುದು ಆಗುವ ಮಾತಲ್ಲ. ಅಂಡ ಯಾವಾಗ ಬಿಡುಗಡೆ ಆಗುತ್ತದೆ ಅಂತಲೇ ಗೊತ್ತಾಗುವುದಿಲ್ಲ. ಸ್ರಾವ ನೋಡುವ ಪದ್ಧತಿ ಮುಟ್ಟು ಏರುಪೇರಾದವರಿಗೂ ಆಗುತ್ತದೆ ಅಂತ ಕಲಿಸುವವರು ಹೇಳುತ್ತಾರೆ, ಆದರೆ ಪಿಸಿಓಡಿಯಲ್ಲಿ ಎಷ್ಟೋ ದಿನ ಸುಳ್ಳು ಸೂಚನೆ ಬರುತ್ತದೆ, ಕಾಯುವ ದಿನಗಳು ಜಾಸ್ತಿ ಆಗುತ್ತವೆ. ಜೊತೆಗೆ ಮಾತ್ರೆ ತಗೊಳ್ಳುತ್ತಿರುವಾಗ ಚಾರ್ಟಿಗೆ ಅರ್ಥವೇ ಇಲ್ಲ, ಯಾಕೆಂದರೆ ಆ ಮಾತ್ರೆಯೇ ಅಂಡ ಬಿಡುಗಡೆ ತಡೆಯುತ್ತದೆ.

ಲೆಕ್ಕ ಬೇಕು ಅನ್ನುವವರಿಗೆ: ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ವರ್ಷಕ್ಕೆ 100 ಹೆಂಗಸರಲ್ಲಿ ಗರ್ಭ ನಿಲ್ಲುವುದು ಮಾತ್ರೆಯಲ್ಲಿ ಸುಮಾರು 7, ಕಾಂಡೋಮಲ್ಲಿ 13, ದಿನ ನೋಡುವ ಪದ್ಧತಿಗಳಲ್ಲಿ 2ರಿಂದ 23. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಡುವ ಅಂಕಿ ಇದು. 2 ಎಲ್ಲಿ, 23 ಎಲ್ಲಿ! ಯಾವ ಪದ್ಧತಿ, ಯಾರು ಕಲಿಸಿದರು, ಗಂಡ ಎಷ್ಟು ಸಹಕರಿಸಿದ ಅನ್ನುವುದರ ಮೇಲೆ ಇದೆ. ಡಾಕ್ಟರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ನಾನು ಮೊದಲು ಒಂದು ಕಥೋಲಿಕ ಆಸ್ಪತ್ರೆಯಲ್ಲಿದ್ದೆ, ಹೆಸರು ಬೇಡ. ಹೆರಿಗೆ ಅಂದರೆ ಕಣ್ಣು ಮುಚ್ಚಿಕೊಂಡು ಹೋಗಬಹುದು, ಅಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು. ಆದರೆ ಸಂತಾನಹರಣ ಆಪರೇಷನ್ ಮಾಡುತ್ತಿರಲಿಲ್ಲ, ವಂಕಿ (ಕಾಪರ್-ಟಿ) ಹಾಕುತ್ತಿರಲಿಲ್ಲ. ಮೂರನೇ ಸಿಸೇರಿಯನ್ ಆದವಳನ್ನು, ಹೊಟ್ಟೆ ತೆರೆದಿದ್ದಾಗಲೇ ಐದು ನಿಮಿಷದಲ್ಲಿ ಆಗುವ ಕೆಲಸಕ್ಕೆ, ಆಮೇಲೆ ಬೇರೆ ಆಸ್ಪತ್ರೆಗೆ ಕಳಿಸಬೇಕು. ಅವಳು ಹಿಂದೂವೋ ಮುಸ್ಲಿಮಳೋ ಆಗಿದ್ದರೂ ಅದೇ ನಿಯಮ. ಅವಳ ಗಂಡ ಕೂಲಿ ಬಿಟ್ಟು ಮತ್ತೆ ನಾಲ್ಕು ದಿನ ಓಡಾಡಬೇಕು. ಅದು ನನಗೆ ಸಹಿಸಲು ಆಗುತ್ತಿರಲಿಲ್ಲ. ನಂತರ ಸರ್ಕಾರಿ ಕೆಲಸ ಸಿಕ್ಕಿತು, ಅಲ್ಲಿ ಆಪರೇಷನ್‌ಗೆ ಸಾಲಲ್ಲಿ ನಿಂತವರಲ್ಲಿ ಕೊರಳಲ್ಲಿ ಶಿಲುಬೆ ಇದ್ದವರನ್ನು ಬೇಕಾದಷ್ಟು ನೋಡಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಕ್ರೈಸ್ತ ಮಹಿಳೆಯರ ಸರಾಸರಿ ಮಕ್ಕಳು 1.88. ಚಾರ್ಟ್ ಒಂದರಿಂದಲೇ ಇಷ್ಟು ಕಡಿಮೆ ಆಯಿತು ಅಂದರೆ ನಾನು ನಂಬುವುದಿಲ್ಲ.

---

ಎಂಬತ್ತರ_ರೇಡಿಯೋ

ಪ್ರೊಟೆಸ್ಟೆಂಟರೆಲ್ಲ ಒಂದೇ ಅಂತ ತಿಳಿಯಬೇಡಿ ಬ್ರದರ್. ನಾನು ಹೋಗುವ ಪೆಂತೆಕೋಸ್ತ್ ಸಭೆಯಲ್ಲಿ ಕಾಂಡೋಮ್ ಪರವಾಗಿಲ್ಲ, ಕಾಪರ್-ಟಿ ಬೇಡ ಅನ್ನುವವರು ಇದ್ದಾರೆ, ಫಲವಾದ ಅಂಡ ಗರ್ಭದಲ್ಲಿ ನೆಲೆಸದ ಹಾಗೆ ಮಾಡಿದರೆ ಅದೂ ಗರ್ಭಪಾತ ಅನ್ನುವುದು ಅವರ ಭಯ. ಮಕ್ಕಳು ಯೆಹೋವನ ವರ ಅಂತ ಐದು ಹೆತ್ತವರೂ ಇದ್ದಾರೆ. ಕೇರಳದ ಪಾಲಾ ಧರ್ಮಪ್ರಾಂತ 2021ರಲ್ಲಿ ಐದು ಮತ್ತು ಅದಕ್ಕಿಂತ ಹೆಚ್ಚು ಮಕ್ಕಳಿರುವ ಮನೆಗೆ ತಿಂಗಳಿಗೆ 1,500 ರೂಪಾಯಿ ಕೊಡುತ್ತೇವೆ ಅಂದಿತ್ತು. 1,500ಕ್ಕೆ ಇವತ್ತು ಒಂದು ಮಗುವಿನ ಸ್ಕೂಲ್ ವ್ಯಾನ್ ಬಾಡಿಗೆಯೂ ಬರುವುದಿಲ್ಲ ಮಾರಾಯ್ರೆ.

---

ಕುಲಶೇಖರದ_ಬಾಯಿ

ಸಿಸ್ಟರ್ ಹೇಳಿದ್ದು ಸರಿ, ಪಿಸಿಓಡಿಯ ವಿಷಯ ಡಾಕ್ಟರಿಗೇ ಬಿಡಿ. ಫಾದರ್ ಬರೆಸಿಕೊಳ್ಳುವ ವಿಷಯ ನಾನು ಹೇಳುತ್ತೇನೆ.

ಅವರು ನಿಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳುತ್ತಾರೆ. ಅದರಲ್ಲಿ ಮಕ್ಕಳನ್ನು ಸ್ವೀಕರಿಸಲು ಮನಸ್ಸಿದೆಯಾ ಅಂತ ಒಂದು ಪ್ರಶ್ನೆ. ಜನ್ಮದಲ್ಲೇ ಮಕ್ಕಳು ಬೇಡ ಅಂತ ತೀರ್ಮಾನ ಮಾಡಿಕೊಂಡು ಮದುವೆಯಾದರೆ ಚರ್ಚಿನ ಕಾನೂನಲ್ಲಿ ಆ ಮದುವೆ ಸಿಂಧುವಲ್ಲ. ಓದು ಮುಗಿಯಲಿ, ಎರಡು ವರ್ಷ ಆಗಲಿ ಅನ್ನುವುದು ಅದಲ್ಲ, ಮುಂದೂಡುವುದು ಅಷ್ಟೇ. ಮಕ್ಕಳಾಗದವರ ಮದುವೆಯೂ ಮದುವೆಯೇ, ಬಂಜೆತನ ಮದುವೆಗೆ ಅಡ್ಡಿಯಲ್ಲ ಅಂತ ಕಾನೂನಲ್ಲೇ ಬರೆದಿದೆ. ಪಿಸಿಓಡಿ ಹುಡುಗಿಗೆ ಇದನ್ನೂ ಹೇಳು, ಕೇಳದಿದ್ದರೂ ಅದೊಂದು ಹೆದರಿಕೆ ಮನಸ್ಸಲ್ಲಿ ಇರುತ್ತದೆ. ನೀನು ಸಿಎಸ್‌ಐ ಆದ್ದರಿಂದ ಬಿಷಪ್ಪರ ಅನುಮತಿ ಬೇಕು, ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಆದಷ್ಟೂ ಪ್ರಯತ್ನ ಮಾಡುತ್ತೇನೆ ಅಂತ ಅವಳು ಮಾತು ಕೊಡಬೇಕು, ಅದು ನಿನಗೂ ಗೊತ್ತಿರಬೇಕು. ನಿಜ ಹೇಳಬೇಕೆಂದರೆ, ಮಾತ್ರೆಗಿಂತ ಇದೇ ಮುಂದೆ ನಿಮ್ಮಿಬ್ಬರ ಅಮ್ಮಂದಿರಿಗೆ ಜಗಳದ ವಿಷಯ ಆಗುವುದು, ಬ್ಯಾಪ್ಟಿಸಮ್ ಎಲ್ಲಿ ಅಂತ. ಈಗಲೇ ಮಾತಾಡಿಕೊಳ್ಳಿ.

ಆಮೇಲಿನದ್ದು ಅವಳ ಮನಸ್ಸಾಕ್ಷಿಗೆ ಬಿಡು. ನೀನು "ನಮ್ಮಲ್ಲಿ ಇದೆಲ್ಲ ಇಲ್ಲ" ಅಂತ ನಗಬೇಡ. ಅವಳಿಗೆ ಕುಮ್ಸಾರಿಗೆ (ಫಾದರ್ ಮುಂದೆ ಪಾಪ ಒಪ್ಪಿಕೊಳ್ಳುವುದು) ಹೋಗಿ ಹೇಳಿಕೊಳ್ಳಬೇಕು ಅನಿಸಿದರೆ ಹೋಗಲಿ. ನಮ್ಮ ಅತ್ತಿಗೆ ಆಪರೇಷನ್ ಮಾಡಿಸಿಕೊಂಡು ಒಂದು ವರ್ಷ ಪೂಜೆಯಲ್ಲಿ ಪರಮಪ್ರಸಾದ ತಗೊಳ್ಳದೆ ಕಡೆಯ ಬೆಂಚಲ್ಲಿ ಕೂತಿದ್ದಳು, ಕಾರಣ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಒಬ್ಬರು ವಯಸ್ಸಾದ ಫಾದರ್ ಕೇಳಿ, ಕುಮ್ಸಾರ್ ಮಾಡಿಸಿ, "ಮುಂದೆ ಬಾ ಮಗಳೇ" ಅಂದರು. ಆ ಒಂದು ವರ್ಷ ಅವಳ ಗಂಡ ಪಕ್ಕದಲ್ಲೇ ಕೂತು ಯಾಕೆ ಅಂತ ಕೇಳಲೂ ಇಲ್ಲ ನೋಡು.

---

ಪಡುಕರೆ_ಹುಡುಗ

ಎಲ್ಲವನ್ನೂ ಅವಳಿಗೆ ಓದಿಸಿದೆ. "ಚಾರ್ಟ್ ಬಾಬ" ಹತ್ತಿರ ಬಂದಾಗ ನಕ್ಕಳು, ವಾರದಿಂದ ನಕ್ಕಿರಲಿಲ್ಲ. ಅತ್ತಿಗೆಯ ವಿಷಯ ಎರಡು ಸಲ ಓದಿದಳು. ಶನಿವಾರ ಡಾಕ್ಟರ್ ಹತ್ತಿರ ಇಬ್ಬರೂ ಹೋಗುತ್ತೇವೆ. ಫಾದರ್ ಹತ್ತಿರ ತಾನೊಬ್ಬಳೇ ಮೊದಲು ಮಾತಾಡುತ್ತಾಳಂತೆ, ನಾನು ಹೊರಗೆ ಬೈಕ್ ಹತ್ತಿರ ಇರಬೇಕಂತೆ.

ಬ್ಯಾಪ್ಟಿಸಮ್ ವಿಷಯ ಇವತ್ತು ರಾತ್ರಿ ಅಮ್ಮನಿಗೆ ಹೇಳಬೇಕು. ಅದಕ್ಕಂತೂ ಬೇರೆ ಪ್ರಶ್ನೆ ಹಾಕಬೇಕಾಗಬಹುದು.