ಅಪ್‌ಡೇಟ್: ನಮ್ಮತ್ತೆ ಕೈಯಲ್ಲೇ ಸಾಕ್ಷಿ ಹೇಳಿದರು

ಹೋದ ತಿಂಗಳು ಕೇಳಿದ್ದೆನಲ್ಲ, ಗುಬ್ಬಿ ಕಡೆಯ ನಮ್ಮತ್ತೆಗೆ ಕಿವಿ ಕೇಳಲ್ಲ, ಮಾತೂ ಬರಲ್ಲ, ಸರ ಕಿತ್ತುಕೊಂಡ ಕೇಸಿನಲ್ಲಿ ಸಾಕ್ಷಿ ಹೇಳೋಕೆ ಆಗುತ್ತಾ ಅಂತ. ಆಯ್ತು!

ನೀವು ಹೇಳಿದ ಹಾಗೆ ಭಾರತೀಯ ಸಾಕ್ಷ್ಯ ಅಧಿನಿಯಮದ (ಸಾಕ್ಷಿಗಳ ಬಗ್ಗೆ ಇರೋ ಈಗಿನ ಕಾಯ್ದೆ) 125ನೇ ಸೆಕ್ಷನ್ ತೋರಿಸಿ ಮೊದಲೇ ಕೋರ್ಟಿಗೆ ಅರ್ಜಿ ಕೊಟ್ಟೆವು. ಸನ್ನೆಯಲ್ಲೋ ಬರವಣಿಗೆಯಲ್ಲೋ ಹೇಳಿದ್ದೂ ಬಾಯಿಮಾತಿನ ಸಾಕ್ಷ್ಯವೇ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಸಹಾಯ ತಗೋಬೇಕು, ವಿಡಿಯೋನೂ ಮಾಡಬೇಕು ಅಂತ ಅದರಲ್ಲಿದೆ. 2024ರ ಜುಲೈಗೂ ಮುಂಚೆ ಇದೇ ಹಳೇ ಸಾಕ್ಷ್ಯ ಕಾಯ್ದೆಯ 119ನೇ ಸೆಕ್ಷನ್ ಆಗಿತ್ತಂತೆ. ಹಾಗಿದ್ದೂ ಒಬ್ಬರು 'ಇವರ ಹೇಳಿಕೆ ನಡೆಯಲ್ಲ' ಅಂತ ಸುಮ್ನೆ ನಮ್ಮನ್ನ ಹೆದರಿಸಿದ್ದರು.

ಒಂದು ತೊಡಕು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಬಂದ ದುಭಾಷಿಗೆ ಗೊತ್ತಿದ್ದದ್ದು ಶಾಲೆಯಲ್ಲಿ ಕಲಿಸೋ ಸಂಜ್ಞೆ ಭಾಷೆ, ಅತ್ತೆಯದು ಬರೀ ಮನೆ ಸನ್ನೆ, ಶಾಲೆ ಮುಖವನ್ನೇ ನೋಡದವರು ಅಲ್ವಾ. ಅವರ ಸನ್ನೆಯ ಅರ್ಥ ನಾನೇ ಹೇಳ್ತೀನಿ ಅಂದೆ, ಮನೆಯವರು ದುಭಾಷಿ ಆಗೋದು ಬೇಡ ಅಂತ ಕೋರ್ಟಿನಲ್ಲಿ ಅಂದರು, ಅದೂ ಸರಿಯೇ. ಕೊನೆಗೆ ದುಭಾಷಿ ಅರ್ಧ ಗಂಟೆ ಪಕ್ಕದಲ್ಲಿ ಕೂತು ಅವರ ಸನ್ನೆ ಕಲಿತರು. 'ಸಂಜೆ' ಅನ್ನೋಕೆ ಅತ್ತೆ ಹಾಲು ಕರೆಯೋ ಹಾಗೆ ಬೆರಳು ಆಡಿಸ್ತಾರೆ! ಅದು ಗೊತ್ತಾದ ಮೇಲೆ ಸಲೀಸು.

ಪಾಟಿ ಸವಾಲು (ಎದುರು ಕಡೆ ವಕೀಲರು ಸಾಕ್ಷಿಯನ್ನ ಪ್ರಶ್ನೆ ಮಾಡೋದು) ಮುಂದಿನ ವಾರ. ಪ್ರಶ್ನೆ ಚಿಕ್ಕದಾಗಿ, ಒಂದೊಂದೇ ಕೇಳಲಿ ಅಂತ ಇನ್ನೊಂದು ಅರ್ಜಿ ಹಾಕಿದ್ದೇವೆ.