ಮೊಡವೆಗೆ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟಿದ್ದಾರೆ, ತಗೊಂಡವರು ಹೇಳಿ

ನನಗೆ 24, ದಾವಣಗೆರೆ. ಗದ್ದ, ದವಡೆ ಸುತ್ತ ದಪ್ಪ ದಪ್ಪ ಮೊಡವೆ. ಮುಟ್ಟಿಗೆ ವಾರ ಇರುವಾಗ ಇನ್ನೂ ಜಾಸ್ತಿ. ಎರಡು ವರ್ಷದಿಂದ ಜೆಲ್ ಹಚ್ಚಿದ್ದಾಯಿತು, ಆಂಟಿಬಯೋಟಿಕ್ ನುಂಗಿದ್ದಾಯಿತು. ಈಗ ಸ್ಕಿನ್ ಡಾಕ್ಟರ್ ಗರ್ಭನಿರೋಧಕ ಮಾತ್ರೆ ಬರೆದಿದ್ದಾರೆ, 21 ಮಾತ್ರೆಯ ಸ್ಟ್ರಿಪ್. ನನಗಿನ್ನೂ ಮದುವೆ ಆಗಿಲ್ಲ. ಚೀಟಿ ಮೂರು ದಿನದಿಂದ ಪರ್ಸಿನಲ್ಲೇ ಇದೆ. ದಪ್ಪ ಆಗ್ತೀನಾ? ಮುಂದೆ ಮಕ್ಕಳಾಗೋದಕ್ಕೆ ತೊಂದರೆಯಾ? ಅನುಭವ ಇರುವ ಅಕ್ಕಂದಿರು ಹೇಳಿ.

ಬೆಂಗಳೂರಿನಿಂದ:

ನಾನು ಎರಡು ವರ್ಷ ತಗೊಂಡಿದ್ದೆ ಪುಟ್ಟಿ. ಮೊದಲೇ ಹೇಳಿಬಿಡ್ತೀನಿ, ಒಂದು ತಿಂಗಳಿಗೆ ಏನೂ ಆಗಲ್ಲ. ನನಗೆ ಮೊದಲ ಸ್ಟ್ರಿಪ್‌ನಲ್ಲಿ ಸಿಕ್ಕಿದ್ದು ಬರೀ ಹೊಟ್ಟೆ ತೊಳೆಸುವುದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದೆ, ಮೆಜೆಸ್ಟಿಕ್ ಬಸ್ಸಲ್ಲಿ ನಿಂತರೆ ಸಾಕು ಬಾಯಲ್ಲಿ ನೀರು. ರಾತ್ರಿ ಊಟ ಆದ ಮೇಲೆ ತಗೊಳ್ಳೋಕೆ ಶುರು ಮಾಡಿದೆ, ವಾರದಲ್ಲಿ ಸರಿಹೋಯಿತು. ಎರಡನೇ ಸ್ಟ್ರಿಪ್ ಮುಗಿದರೂ ಗದ್ದ ಹಾಗೇ ಇತ್ತು. ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಮೂರನೇದು ಮುಗಿಯುವ ಹೊತ್ತಿಗೆ ಹೊಸ ಮೊಡವೆ ಕಮ್ಮಿ ಆಯಿತು, ಆರನೇ ತಿಂಗಳಿಗೆ ಮುಖ ಚೆನ್ನಾಗಿ ತಿಳಿಯಾಯಿತು. ಕಲೆ ಹೋಗೋಕೆ ಇನ್ನೂ ಟೈಮ್ ಬೇಕಾಯಿತು, ಅದು ಮಾತ್ರೆಯ ಕೆಲಸ ಅಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಅಂತ ನನ್ನ ಡಾಕ್ಟರ್ ಹೇಳಿದ್ದರು. ನಮ್ಮ ಮೈಯಲ್ಲೂ ಸ್ವಲ್ಪ ಗಂಡು ಹಾರ್ಮೋನ್ ಇರುತ್ತದೆ. ಚರ್ಮದಲ್ಲಿ ಎಣ್ಣೆ ಜಾಸ್ತಿ ಮಾಡುವುದು ಅದೇ. ಮಾತ್ರೆಯಲ್ಲಿರುವ ಈಸ್ಟ್ರೋಜೆನ್ ರಕ್ತದಲ್ಲಿ ಒಂದು ಪ್ರೋಟೀನ್ ಹೆಚ್ಚಿಸಿ ಆ ಹಾರ್ಮೋನನ್ನು ಕಟ್ಟಿಹಾಕುತ್ತದೆ. ಎಣ್ಣೆ ಕಮ್ಮಿ, ಮೊಡವೆ ಕಮ್ಮಿ.

ದಪ್ಪ? ನಾನು ಆಗಲಿಲ್ಲ. ಮೊದಲೆರಡು ತಿಂಗಳು ಮೈ ಸ್ವಲ್ಪ ಊದಿದ ಹಾಗಿತ್ತು ಅಷ್ಟೇ. ಮಕ್ಕಳ ಭಯ ಬೇಡವೇ ಬೇಡ. ನಿಲ್ಲಿಸಿದ ಮೇಲೆ ಅಂಡೋತ್ಪತ್ತಿ ವಾಪಸ್ ಬರುತ್ತದೆ. ನನ್ನ ಮಗಳಿಗೆ ಈಗ ಮೂರು ವರ್ಷ. ಆದರೆ ಮಾತ್ರೆ ನಿಲ್ಲಿಸಿ ನಾಲ್ಕು ತಿಂಗಳಿಗೆ ಒಂದಷ್ಟು ಮೊಡವೆಯೂ ವಾಪಸ್ ಬಂದವು. ಅದನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ.

ಶಿವಮೊಗ್ಗದಿಂದ:

ನನ್ನ ಕಥೆ ಉಲ್ಟಾ. ಡಾಕ್ಟರ್ ಹತ್ತಿರ ಹೋಗಲೇ ಇಲ್ಲ. ಚಿಕ್ಕಮ್ಮನ ಮಗಳ ಮುಖ ಚೆನ್ನಾಗಿ ಆಗಿತ್ತು, ಅವಳ ಸ್ಟ್ರಿಪ್ ಫೋಟೋ ತೆಗೆದು ಮೆಡಿಕಲ್‌ನಲ್ಲಿ ತೋರಿಸಿದೆ, ಕೊಟ್ಟರು. ನನಗೆ ಕಾಲೇಜಿನಿಂದಲೂ ಅರೆತಲೆನೋವು. ನೋವಿಗೆ ಮುಂಚೆ ಕಣ್ಣೆದುರು ಹೊಳೆಯುವ ಅಂಕುಡೊಂಕು ಗೆರೆ ಬರುತ್ತದೆ, ಪೇಪರ್ ಓದುತ್ತಿದ್ದರೆ ಅರ್ಧ ಅಕ್ಷರ ಮಾಯ. ಮಾತ್ರೆ ಶುರು ಮಾಡಿದ ಮೇಲೆ ತಿಂಗಳಿಗೊಮ್ಮೆ ಬರುತ್ತಿದ್ದುದು ವಾರಕ್ಕೊಮ್ಮೆ ಆಯಿತು. ಒಂದು ದಿನ ಎಡಗೈ ಬೆರಳು ಜುಮ್ ಅಂದಾಗ ಗಾಬರಿಯಾಗಿ ಆಸ್ಪತ್ರೆಗೆ ಓಡಿದೆ. ಆ ಡಾಕ್ಟರ್ ಬೈದಿದ್ದು ಇನ್ನೂ ನೆನಪಿದೆ. ಕಣ್ಣೆದುರು ಗೆರೆ ಬರುವ ಅರೆತಲೆನೋವು ಇದ್ದವರು ಈಸ್ಟ್ರೋಜೆನ್ ಇರುವ ಮಾತ್ರೆ ಮುಟ್ಟಲೇಬಾರದಂತೆ, ಪಾರ್ಶ್ವವಾಯು ಆಗುವ ಅಪಾಯ ಜಾಸ್ತಿ. ನನಗೆ ಏನೂ ಆಗಲಿಲ್ಲ, ಅದೃಷ್ಟ.

ನಿಮಗೆ ಡಾಕ್ಟರೇ ಬರೆದಿದ್ದಾರೆ, ಸಂತೋಷ. ಆದರೆ ಏನೇನು ಕೇಳಿದರು? ಬಿಪಿ ನೋಡಿದರಾ?

ಧಾರವಾಡದಿಂದ:

ನಮ್ಮವ್ವ ಬಟ್ಟೆ ಮಡಿಸುವಾಗ ಸ್ಟ್ರಿಪ್ ಸಿಕ್ಕಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಅವಳನ್ನೇ ಕರಕೊಂಡು ಡಾಕ್ಟರ್ ಹತ್ತಿರ ಹೋದೆ. ಈಗ ರಾತ್ರಿ ಒಂಬತ್ತಕ್ಕೆ ಅವಳೇ 'ಗುಳಿಗಿ ತಗೊಂಡ್ಯಾ?' ಅಂತ ಕೇಳ್ತಾಳೆ. ಮೊದಲೇ ಹೇಳಿಬಿಡು ತಂಗಿ.

ಮೈಸೂರಿನಿಂದ, ಫಾರ್ಮಸಿ ಓದಿದವಳು:

ಮೇಲಿನ ಶಿವಮೊಗ್ಗದವರ ಮಾತು ಎಲ್ಲರೂ ಎರಡು ಸಲ ಓದಿ. ಕೌಂಟರ್‌ನಲ್ಲಿ ನಾನು ನೋಡುವ ಇನ್ನೊಂದು ಗೊಂದಲ, 'ಗರ್ಭನಿರೋಧಕ' ಅಂದರೆ ಎಲ್ಲ ಒಂದೇ ಅನ್ನುವುದು. ಸಂಬಂಧದ ಮರುದಿನ ನುಂಗುವ ತುರ್ತು ಮಾತ್ರೆ ಮೊಡವೆಗಲ್ಲ. ಸರ್ಕಾರದ ಛಾಯಾ ಮಾತ್ರೆಯಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಅನ್ನುವ ಎರಡು ಹಾರ್ಮೋನುಗಳೇ ಇಲ್ಲ. ಬರೀ ಪ್ರೊಜೆಸ್ಟಿನ್ ಇರುವ ಮಾತ್ರೆಯಿಂದ ಕೆಲವರಿಗೆ ಮೊಡವೆ ಹೆಚ್ಚುವುದೂ ಉಂಟು. ಎರಡೂ ಹಾರ್ಮೋನ್ ಇರುವುದೇ ಬೇಕು.

ಈ ಮಾತ್ರೆಗಳಿಂದ ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಣ್ಣ ಅಪಾಯ ಇದೆ. ಮಾತ್ರೆ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನಕ್ಕೆ ಹೀಗಾಗುತ್ತದೆ. ಮಾಲಾ-ಡಿ ಮಾತ್ರೆಯಲ್ಲಿರುವ ಲೆವೊನಾರ್ಜೆಸ್ಟ್ರೆಲ್ ಅನ್ನುವ ಪ್ರೊಜೆಸ್ಟಿನ್ ತರಹದ್ದರಲ್ಲಿ 5ರಿಂದ 7. ಮೊಡವೆಗೆ ಹೆಚ್ಚಾಗಿ ಬರೆಯುವ, ಡ್ರೊಸ್ಪಿರೆನೋನ್ ಅಥವಾ ಸೈಪ್ರೊಟೆರೋನ್ ಅನ್ನುವ ಪ್ರೊಜೆಸ್ಟಿನ್ ಇರುವುದರಲ್ಲಿ 9ರಿಂದ 12. ಮೊದಲ ವರ್ಷದಲ್ಲೇ ಜಾಸ್ತಿ. 2013ರಲ್ಲಿ ಫ್ರಾನ್ಸ್ ಸೈಪ್ರೊಟೆರೋನ್ ಮಾತ್ರೆ ಡಯಾನ್-35ರ ಮಾರಾಟ ನಿಲ್ಲಿಸಲು ಹೊರಟಿತ್ತು. ಯುರೋಪಿನ ಔಷಧ ಸಂಸ್ಥೆ ಪರಿಶೀಲಿಸಿ, ಹಚ್ಚುವ ಔಷಧಿ ಮತ್ತು ಆಂಟಿಬಯೋಟಿಕ್‌ಗೆ ಬಗ್ಗದ ಮೊಡವೆಗೆ ಮಾತ್ರ ಕೊಡಿ ಅಂದಿತು.

ಹಾಗಾಗಿ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ: ಬಿಪಿ, ಅರೆತಲೆನೋವು, ಸಿಗರೇಟು, ಲಿವರ್ ತೊಂದರೆ, ಟಿಬಿ ಅಥವಾ ಫಿಟ್ಸ್ ಮಾತ್ರೆ. ಟಿಬಿಯ ರಿಫಾಂಪಿಸಿನ್ ಇದರ ಶಕ್ತಿಯನ್ನೇ ಕುಂದಿಸುತ್ತದೆ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಅಂತ ಮನೆಯಲ್ಲಿ ಕೇಳಿ. ಶುರು ಮಾಡಿದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕಣ್ಣು ಮಂಜಾದರೆ ನಾಳೆ ನೋಡೋಣ ಅನ್ನಬೇಡಿ, ನೇರ ಆಸ್ಪತ್ರೆಗೆ. ಒಂದು ಮಾತ್ರೆ ಮರೆತರೆ ನೆನಪಾದ ತಕ್ಷಣ ತಗೊಳ್ಳಿ, ಅದಕ್ಕೆಲ್ಲ ಗಾಬರಿ ಬೇಡ.

ದಾವಣಗೆರೆಯಿಂದ ಮತ್ತೆ ನಾನೇ:

ಎಲ್ಲರಿಗೂ ಥ್ಯಾಂಕ್ಸ್. ಬಿಪಿ ನೋಡಿರಲಿಲ್ಲ, ಮನೆ ಹತ್ತಿರ ನೋಡಿಸಿದೆ, 110/70. ಅರೆತಲೆನೋವು ಇಲ್ಲ. ಇಷ್ಟೇ ಅಲ್ವಾ, ಇವತ್ತೇ ಶುರು ಅಂದುಕೊಂಡು ಸುಮ್ನೆ ಅಮ್ಮನನ್ನು ಕೇಳಿದೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ, 'ನೀನು ಹುಟ್ಟಿದಾಗ ಬಾಣಂತನದಲ್ಲಿ ಕಾಲು ಊದಿಕೊಂಡಿತ್ತಲ್ಲ, ರಕ್ತ ಗಟ್ಟಿಯಾಗಿದೆ ಅಂತ ಆರು ತಿಂಗಳು ಮಾತ್ರೆ ಕೊಟ್ಟಿದ್ದರು' ಅಂದರು. 24 ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ.

ನಿನ್ನೆ ಡಾಕ್ಟರ್ ಹತ್ತಿರ ವಾಪಸ್ ಹೋದೆ, ಅಮ್ಮನೂ ಬಂದಿದ್ದರು. ಹಳೇ ಚೀಟಿಗೆ ಅಡ್ಡಗೆರೆ ಎಳೆದು ಸ್ಪೈರೋನೊಲ್ಯಾಕ್ಟೋನ್ ಅನ್ನುವ, ಈಸ್ಟ್ರೋಜೆನ್ ಇಲ್ಲದ ಬೇರೆ ಮಾತ್ರೆ ಬರೆದರು. ಅದನ್ನು ತಗೊಳ್ಳುವಾಗ ಗರ್ಭ ಧರಿಸಬಾರದು ಅಂದರು. ಇದನ್ನು ತಗೊಂಡವರು ಯಾರಾದರೂ ಇದ್ದೀರಾ?